ಹಣದ ಬಗ್ಗೆ ಬರೆಯುವವರಿಗೆ ಹಣ ಯಾವಾಗ ಕೊಡುತ್ತೀರಿ?

ಕನ್ನಡ ಪತ್ರಿಕೆಗಳ ಮತ್ತು ಸುದ್ದಿತಾಣಗಳ ಸಂಪಾದಕರಿಗೆ, ಅಲ್ಲಿನ ಲೆಕ್ಕದ ವಿಭಾಗದವರಿಗೆ, ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು ಬದಿಯಡ್ಕದ ಕಡೆಯವಳು. ವ್ಯಾಪಾರ, ಹಣಕಾಸಿನ ಬಗ್ಗೆ ಬರೆದು ಬದುಕುತ್ತೇನೆ. ಯಾವ ಪತ್ರಿಕೆಯಲ್ಲೂ ನೌಕರಿ ಇಲ್ಲ. ನಿಮ್ಮಲ್ಲಿ ಹಲವರು ನನ್ನಿಂದ, ನನ್ನಂಥವರಿಂದ ಬರೆಸಿಕೊಳ್ಳುತ್ತೀರಿ. ಠೇವಣಿ ಬಡ್ಡಿ, ಆದಾಯ ತೆರಿಗೆ, ಆರೋಗ್ಯ ವಿಮೆ, ಚಿನ್ನದ ಸಾಲ, ಅಡಿಕೆ ಧಾರಣೆ, ಹೀಗೆ. ಬಜೆಟ್ ದಿನ ಬೆಳಿಗ್ಗೆಯೇ ನಿಮ್ಮ ಫೋನ್ ಬರುತ್ತದೆ. ಸಂಭಾವನೆ ಕೇಳಲು ನಾವು ಮಾಡಿದ ಫೋನನ್ನು ಮಾತ್ರ ಎತ್ತುವವರಿಲ್ಲ.

ಇದು ನನ್ನೊಬ್ಬಳ ಗೋಳಾಗಿದ್ದರೆ ಒಬ್ಬೊಬ್ಬರಿಗೇ ಮೇಲ್ ಹಾಕಿ ಸುಮ್ಮನಾಗುತ್ತಿದ್ದೆ. ಹಾಕಿದ್ದೂ ಉಂಟು. ಎಲ್ಲರಿಗೂ ಕಾಣುವ ಹಾಗೆ ಬರೆಯಲು ಕಾರಣ ಬೇರೆ. ನೀವು ಹಣ ಕೊಡಲು ತಡ ಮಾಡಿದಷ್ಟೂ ನಿಮ್ಮ ಓದುಗರಿಗೆ ಸಿಗುವ ಬರಹವೇ ಬದಲಾಗುತ್ತಿದೆ. ಬರೆಯುವವರಿಗೂ ಹೊಟ್ಟೆಯಿದೆ, ಹಣ ಕೊಡುವವರ ಕಡೆ ಹೋಗುತ್ತಾರೆ. ನಮ್ಮ ಈ ಕ್ಷೇತ್ರದಲ್ಲಿ ಹೇಳಿದ ದಿನಕ್ಕೆ ಹಣ ಹಾಕುವವರು ಯಾರು ಗೊತ್ತಾ? ಏನಾದರೂ ಮಾರಲಿಕ್ಕೆ ಇರುವವರು.

ಮೊದಲು ಕೆಲಸದ ಬಗ್ಗೆ ಹೇಳುತ್ತೇನೆ. 'ಎಂಟುನೂರು ಪದ ಅಲ್ವಾ, ಸಂಜೆಯೊಳಗೆ ಕಳಿಸಿ' ಎನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ.

ಕಾಸರಗೋಡು ಜಿಲ್ಲೆಯಲ್ಲಿ ಊರೂರಿಗೆ ಒಂದು ಸರ್ವೀಸ್ ಸಹಕಾರಿ ಬ್ಯಾಂಕ್ ಇದೆ. ಅಡಿಕೆ ಮಾರಿದ ಹಣ ಅಲ್ಲಿಗೆ ಹೋಗುತ್ತದೆ. ಗಲ್ಫಿನಲ್ಲಿರುವ ಮಗ ಕಳಿಸಿದ್ದರಲ್ಲಿ ಉಳಿದದ್ದು ಅಲ್ಲಿಗೆ ಹೋಗುತ್ತದೆ. ಬೋರ್ಡಿನಲ್ಲಿ 'ಬ್ಯಾಂಕ್' ಅಂತಲೇ ಇದೆ. ಬ್ಯಾಂಕ್ ಮುಳುಗಿದರೆ ಐದು ಲಕ್ಷದವರೆಗೆ ವಿಮೆ ಇದೆ ಎಂದು ನಿಮ್ಮ ಪತ್ರಿಕೆಯಲ್ಲೇ ಓದಿದ್ದಾರೆ. ಅದು ನಿಜ. 2020ರ ಫೆಬ್ರವರಿ 4ರಿಂದ ಠೇವಣಿ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿದೆ. ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ, ಅಸಲು ಬಡ್ಡಿ ಎಲ್ಲ ಸೇರಿ 5 ಲಕ್ಷ. ಆದರೆ ನಮ್ಮೂರಿನ ಈ 'ಬ್ಯಾಂಕು'ಗಳಲ್ಲಿ ಹೆಚ್ಚಿನವು ಕಾನೂನಿನ ಲೆಕ್ಕದಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳು. ಅವುಗಳಿಗೆ ಆ ವಿಮೆ ಅನ್ವಯಿಸುವುದಿಲ್ಲ. ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಸಾರ್ವಜನಿಕ ಎಚ್ಚರಿಕೆಯನ್ನೇ ಕೊಟ್ಟಿತು. 2020ರ ತಿದ್ದುಪಡಿಯ ನಂತರ ಇಂಥ ಸಂಘಗಳು ಅನುಮತಿ ಇಲ್ಲದೆ 'ಬ್ಯಾಂಕ್' ಎಂದು ಹೆಸರಿಟ್ಟುಕೊಳ್ಳುವಂತಿಲ್ಲ, ಅವುಗಳ ಠೇವಣಿಗೆ ವಿಮೆ ಇಲ್ಲ ಎಂದು.

ಹಾಗಾದರೆ ನಮ್ಮ ಜನರ ದುಡ್ಡಿಗೆ ಏನೂ ರಕ್ಷಣೆ ಇಲ್ಲವೇ? ಇದೆ, ಬೇರೆ ಥರದ್ದು. ಕೇರಳ ಸರ್ಕಾರದ್ದೇ ಸಹಕಾರಿ ಠೇವಣಿ ಖಾತರಿ ನಿಧಿಯೊಂದು ಇದೆ. ಅದರ ನಿಯಮ ಬೇರೆ, ಮಿತಿ ಬೇರೆ, ಹಣ ಸಿಗುವ ದಾರಿ ಬೇರೆ. ಇನ್ನು ಕೇರಳ ಬ್ಯಾಂಕ್ ಇದೆ. 2019ರಲ್ಲಿ ಜಿಲ್ಲಾ ಸಹಕಾರಿ ಬ್ಯಾಂಕುಗಳನ್ನು ರಾಜ್ಯ ಸಹಕಾರಿ ಬ್ಯಾಂಕಿನ ಜೊತೆ ಸೇರಿಸಿ ಮಾಡಿದ್ದು. ನಮ್ಮ ಹಳೆಯ ಜಿಲ್ಲಾ ಬ್ಯಾಂಕೂ ಅದರೊಳಗೆ ಸೇರಿತು. ಅಲ್ಲಿನ ಠೇವಣಿಗೆ ಆ 5 ಲಕ್ಷದ ವಿಮೆ ಇದೆ. ಒಂದೇ ಪೇಟೆ, ಒಂದೇ ರಸ್ತೆ, ಎರಡು ಸಹಕಾರಿ ಬೋರ್ಡು. ಒಂದರಲ್ಲಿ ವಿಮೆ ಇದೆ, ಇನ್ನೊಂದರಲ್ಲಿ ಇಲ್ಲ.

ಇದನ್ನು ಕನ್ನಡದಲ್ಲಿ ಯಾರು ಬರೆದು ಹೇಳಬೇಕು? ಮಲಯಾಳಂ ಪತ್ರಿಕೆಗಳು ಅವರ ಓದುಗರಿಗೆ ಹೇಳುತ್ತವೆ. ಬೆಂಗಳೂರಿನ ಡೆಸ್ಕಿಗೆ ಕರ್ನಾಟಕದ ಸಹಕಾರ ಸಂಘಗಳೇ ಮೊದಲು. ತಪ್ಪಲ್ಲ. ನಡುವೆ ಉಳಿದವರು ನಾವು. 1956ರ ನವೆಂಬರ್ 1ರಿಂದ ಕೇರಳದಲ್ಲಿದ್ದೇವೆ, ಬೆಳಿಗ್ಗೆ ಓದುವುದು ಕನ್ನಡ ಪತ್ರಿಕೆ. 'ಪಹಣಿ ತೆಗೆದುಕೊಂಡು ಬ್ಯಾಂಕಿಗೆ ಹೋಗಿ' ಎಂದು ಕೃಷಿ ಸಾಲದ ಲೇಖನದಲ್ಲಿ ಬರೆದಿರುತ್ತದೆ. ಇಲ್ಲಿ ಪಹಣಿ ಇಲ್ಲ ಮಾರಾಯ್ರೇ. ಇಲ್ಲಿರುವುದು ವಿಲೇಜ್ ಆಫೀಸು, ತಂಡಪ್ಪೇರು (ಜಮೀನಿನ ಖಾತೆ ಸಂಖ್ಯೆ), ಭೂತೆರಿಗೆ ರಶೀದಿ, ಕೈವಶ ಸರ್ಟಿಫಿಕೇಟು. ವೃತ್ತಿ ತೆರಿಗೆಯನ್ನು ಕರ್ನಾಟಕದಲ್ಲಿ ರಾಜ್ಯ ಸರ್ಕಾರ ತಿಂಗಳ ಲೆಕ್ಕದಲ್ಲಿ ಸಂಬಳದಿಂದ ಹಿಡಿಯುತ್ತದೆ. ಇಲ್ಲಿ ಪಂಚಾಯತು ಅರ್ಧ ವರ್ಷಕ್ಕೊಮ್ಮೆ ವಸೂಲು ಮಾಡುತ್ತದೆ. ಕಾಸರಗೋಡಿನಿಂದ ರೈಲಿನಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗಿ ಬರುವ ಹುಡುಗ ಹುಡುಗಿಯರಿಗೆ ಈ ಎರಡರ ಬಗ್ಗೆಯೂ ಗೊಂದಲ ಇದೆ. ಅದನ್ನು ಬಿಡಿಸಿ ಬರೆದ ಸಣ್ಣ ಲೇಖನಕ್ಕೆ ನನಗೆ ಬಂದಷ್ಟು ಫೋನು ಶೇರು ಮಾರುಕಟ್ಟೆಯ ಯಾವ ದೊಡ್ಡ ಲೇಖನಕ್ಕೂ ಬಂದಿಲ್ಲ.

ಮೇಲೆ ಹೇಳಿದ ಸಹಕಾರಿ ಠೇವಣಿಯ ವಿಷಯವನ್ನೇ ಲೇಖನ ಮಾಡಿ ಒಂದು ಪತ್ರಿಕೆಗೆ ಬರೆದೆ. ರಿಸರ್ವ್ ಬ್ಯಾಂಕಿನ ಪ್ರಕಟಣೆ ಓದಬೇಕು, ಕಾಯ್ದೆಯ ತಿದ್ದುಪಡಿ ಓದಬೇಕು, ಕೇರಳದ ನಿಧಿಯ ನಿಯಮವನ್ನು ಮಲಯಾಳಂನಲ್ಲಿ ಓದಬೇಕು, ಇಬ್ಬರು ಮೂವರು ಕಾರ್ಯದರ್ಶಿಗಳ ಹತ್ತಿರ ಮಾತಾಡಬೇಕು. ಅವರಲ್ಲಿ ಒಬ್ಬರು ಮಾತಾಡುತ್ತಾರೆ, ಒಬ್ಬರು 'ಮೀಟಿಂಗಲ್ಲಿದ್ದೇನೆ' ಎನ್ನುತ್ತಾರೆ, ಇನ್ನೊಬ್ಬರು 'ಇದೆಲ್ಲ ಯಾಕೆ ಬರೀತೀರಿ' ಎಂದು ಕೇಳುತ್ತಾರೆ. ಒಂದು ಅಂಕಿ ತಪ್ಪಿದರೆ ಯಾರೋ ಅಜ್ಜಿ ಹೆದರಿ ಇದ್ದ ಠೇವಣಿಯನ್ನು ಅವಧಿಗೆ ಮುಂಚೆ ಒಡೆದು ಬಡ್ಡಿ ಕಳೆದುಕೊಳ್ಳುತ್ತಾಳೆ. ಇಷ್ಟಾಗಿ ಬರುವುದು ಎಂಟುನೂರು ಪದ.

ಆಮೇಲೆ ಆದದ್ದನ್ನೂ ಹೇಳಬೇಕು. ಲೇಖನ ಡೆಸ್ಕಿನಲ್ಲಿ ಇರುವಾಗಲೇ ಸಂಘವೊಂದರವರು ಪತ್ರಿಕೆಯ ಜಾಹೀರಾತು ವಿಭಾಗಕ್ಕೆ ಫೋನ್ ಮಾಡಿದರು. ಓಣಂ ಜಾಹೀರಾತಿನ ಮಾತು ಬಂತು. ವಿಮೆ ಇಲ್ಲ ಎನ್ನುವ ಸಾಲನ್ನು 'ಸ್ವಲ್ಪ ಮೆತ್ತಗೆ' ಮಾಡಲು ನನಗೆ ಹೇಳಿಸಿದರು. ಅದನ್ನು ಮೆತ್ತಗೆ ಮಾಡುವುದು ಹೇಗೆ? ವಿಮೆ ಇದೆ, ಅಥವಾ ಇಲ್ಲ. ನಾನು ಒಪ್ಪಲಿಲ್ಲ, ಲೇಖನ ಬರಲಿಲ್ಲ. ಬರದಿದ್ದಕ್ಕೆ ಸಂಭಾವನೆಯೂ ಇಲ್ಲ. ಇದೇ ಕೆಲಸವನ್ನು ನಿಮ್ಮ ಸಂಬಳದ ವರದಿಗಾರ ಮಾಡಿದ್ದರೆ ಲೇಖನ ಹೋದರೂ ತಿಂಗಳ ಕೊನೆಗೆ ಸಂಬಳ ಇರುತ್ತಿತ್ತು. ನಮಗೆ ಸತ್ಯ ಹೇಳಿದ್ದರ ಖರ್ಚು ನಮ್ಮದೇ ಕಿಸೆಯಿಂದ. ಕೊನೆಗೆ ಇನ್ನೊಬ್ಬ ಸಂಪಾದಕರು ಅದನ್ನು ಒಂದು ಪದವೂ ಬಿಡದೆ ಹಾಕಿದರು. ಆ ವಾರವೇ ಹಣವನ್ನೂ ಹಾಕಿದರು. ಅವರದು ದೊಡ್ಡ ಪತ್ರಿಕೆಯಲ್ಲ. ಹಾಗಾಗಿ 'ನಮ್ಮಲ್ಲಿ ಹಣ ಇಲ್ಲ' ಎನ್ನುವ ಉತ್ತರವನ್ನು ನಾನು ಪೂರ್ತಿ ನಂಬುವುದಿಲ್ಲ.

ದರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಲವರು ಲೇಖನಕ್ಕೆ ಐನೂರು ಕೊಡುತ್ತಾರೆ, ಕೆಲವರು ಸಾವಿರದೈನೂರು ಕೊಡುತ್ತಾರೆ, ಕೆಲವರು 'ನಿಮ್ಮ ಹೆಸರು ಬರುತ್ತದಲ್ಲ' ಎನ್ನುತ್ತಾರೆ. ಬೆಂಗಳೂರಿನ ಕಂಟೆಂಟ್ ಏಜೆನ್ಸಿಗಳು ಪದದ ಲೆಕ್ಕದಲ್ಲಿ ಕೊಡುತ್ತವೆ, ಅದೂ ಇಂಗ್ಲಿಷಿಗೆ ಕಟ್ಟಿದ ದರಕ್ಕಿಂತ ಕಡಿಮೆ. ಅದೇ ವಿಷಯ ಕನ್ನಡದಲ್ಲಿ ಕಡಿಮೆ ಪದಗಳಲ್ಲಿ ಮುಗಿಯುವುದರಿಂದ ಅಲ್ಲೂ ನಮಗೇ ಖೋತಾ. ದರ ಕಡಿಮೆ ಎನ್ನುವುದಕ್ಕಿಂತ ನನಗೆ ಬೇಸರ ಬೇರೆ ಇದೆ. ಇಷ್ಟು ಎಂದು ಮೊದಲೇ ಯಾರೂ ಬರೆದು ಹೇಳುವುದಿಲ್ಲ. ಯಾವಾಗ ಎಂದು ಕೇಳಿದರೆ 'ಪ್ರಕಟವಾದ ಮೇಲೆ' ಎನ್ನುತ್ತಾರೆ. ಪ್ರಕಟವಾದ ಮೇಲೆ ಕೇಳಿದರೆ 'ಅಕೌಂಟ್ಸಿಗೆ ಕಳಿಸಿದ್ದೇವೆ' ಎನ್ನುತ್ತಾರೆ. ಅಕೌಂಟ್ಸಿನವರನ್ನು ಕೇಳಿದರೆ ವೆಂಡರ್ ಫಾರ್ಮು, ಕ್ಯಾನ್ಸಲ್ ಮಾಡಿದ ಚೆಕ್ಕು, ಪ್ಯಾನ್ ಪ್ರತಿ ಮತ್ತೆ ಕಳಿಸಿ ಎನ್ನುತ್ತಾರೆ. ಅಷ್ಟರಲ್ಲಿ ಲೇಖನ ತರಿಸಿಕೊಂಡವರು ಬೇರೆ ಪತ್ರಿಕೆಗೆ ಹೋಗಿರುತ್ತಾರೆ.

ಈಗ ಲೆಕ್ಕದ ವಿಭಾಗದವರ ಹತ್ತಿರ ಸ್ವಲ್ಪ ಮಾತು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿಮಗೂ ಮೇಲಿನವರು ಹೇಳಬೇಕು. ಆದರೆ ಕೆಲವು ವಿಷಯ ನಿಮ್ಮ ಕೈಯಲ್ಲೇ ಇವೆ.

'ಜಿಎಸ್‌ಟಿ ನಂಬರ್ ಇಲ್ಲದೆ ಬಿಲ್ ಪಾಸಾಗಲ್ಲ, ನೀವು ಕೇರಳ, ನಾವು ಕರ್ನಾಟಕ, ಇದು ಅಂತರರಾಜ್ಯ' ಎಂದು ಹೇಳುತ್ತೀರಿ. ತಲಪಾಡಿ ದಾಟಿದರೆ ಅಂತರರಾಜ್ಯ, ಸರಿ. ಆದರೆ ವರ್ಷಕ್ಕೆ 20 ಲಕ್ಷ ರೂಪಾಯಿ ದಾಟದ ಸೇವೆಯವರು ಬೇರೆ ರಾಜ್ಯಕ್ಕೆ ಸೇವೆ ಕೊಟ್ಟರೂ ನೋಂದಣಿ ಬೇಕಿಲ್ಲ ಎಂದು ಕೇಂದ್ರ 2017ರ ಅಕ್ಟೋಬರ್‌ನಲ್ಲೇ ವಿನಾಯಿತಿ ಕೊಟ್ಟಿದೆ. ಲೇಖನ ಬರೆದು 20 ಲಕ್ಷ ದಾಟಿದವರು ಕನ್ನಡದಲ್ಲಿ ಇದ್ದರೆ ನನಗೆ ಅವರ ಪರಿಚಯ ಮಾಡಿಸಿ, ನಾನೇ ಒಂದು ಸಂದರ್ಶನ ಮಾಡುತ್ತೇನೆ.

ಎರಡನೆಯದು ಟಿಡಿಎಸ್, ಎಂದರೆ ಹಣ ಕೊಡುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ. ವೃತ್ತಿ ಸೇವೆಯ ಶುಲ್ಕಕ್ಕೆ 10% ಹಿಡಿಯುವುದು ಒಬ್ಬರಿಂದ ವರ್ಷದಲ್ಲಿ ಬಂದ ಹಣ ಒಂದು ಮಿತಿ ದಾಟಿದಾಗ. ಆ ಮಿತಿ 30,000 ಇತ್ತು, 2025ರ ಏಪ್ರಿಲ್ 1ರಿಂದ 50,000 ಆಗಿದೆ. ನೀವು ಸಾವಿರ ರೂಪಾಯಿಯ ಬಿಲ್ಲಿನಿಂದಲೂ ನೂರು ಹಿಡಿಯುತ್ತೀರಿ. ಹಿಡಿಯಿರಿ ಬೇಕಾದರೆ, ರಿಟರ್ನ್ ಹಾಕಿ ವಾಪಸು ತೆಗೆದುಕೊಳ್ಳಬಹುದು. ಆದರೆ ಹಿಡಿದದ್ದನ್ನು ಸರ್ಕಾರಕ್ಕೆ ಕಟ್ಟಿ, ನಮ್ಮ ಪ್ಯಾನ್ ನಂಬರಿನ ಮೇಲೆ ತೋರಿಸಿ. ನಮ್ಮ ಹೆಸರಿನಲ್ಲಿ ಕಟ್ಟಿದ ತೆರಿಗೆಯ ಪಟ್ಟಿಯಾದ 26ಎಎಸ್ ತೆರೆದು ನೋಡಿದರೆ ಆ ಹಣ ಅಲ್ಲಿ ಇರುವುದೇ ಇಲ್ಲ. ನಮಗೂ ಬರಲಿಲ್ಲ, ಸರ್ಕಾರಕ್ಕೂ ಹೋಗಲಿಲ್ಲ. ಹಾಗಾದರೆ ಅದು ಎಲ್ಲಿದೆ?

ಮೂರನೆಯದು ದೊಡ್ಡದು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ 2006ರಿಂದ ಇದೆ. ಸೇವೆ ಕೊಡುವವರೂ ಅದರಲ್ಲಿ ಬರುತ್ತಾರೆ. ಅದಕ್ಕೆ ಬೇಕಾದ ಉದ್ಯಮ್ ನೋಂದಣಿ 2020ರ ಜುಲೈಯಿಂದ ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ. ಮನೆಯಲ್ಲಿ ಕೂತು ಬರೆಯುವ ನಾನೂ ಮಾಡಿಸಿಕೊಂಡಿದ್ದೇನೆ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. 'ಪ್ರಕಟವಾದ ಮೇಲೆ' ಎನ್ನುವುದು ಎಲ್ಲಿಂದ ಬಂತೋ ಗೊತ್ತಿಲ್ಲ, ಈ ಕಾಯ್ದೆಯಲ್ಲಂತೂ ಇಲ್ಲ. ಅಲ್ಲಿ ದಿನ ಎಣಿಸುವುದು ನೀವು ಒಪ್ಪಿಕೊಂಡಂದಿನಿಂದ. ಕೆಲಸ ಕೈಸೇರಿ 15 ದಿನದೊಳಗೆ ಬರವಣಿಗೆಯಲ್ಲಿ ಆಕ್ಷೇಪ ಹೇಳದಿದ್ದರೆ ಕೈಸೇರಿದ ದಿನವೇ ಒಪ್ಪಿದ ದಿನ. ನನ್ನ ಲೇಖನ ಮುಂದಿನ ಯುಗಾದಿ ಪುರವಣಿಗೆ ಎಂದು ನಿಮ್ಮ ಕಂಪ್ಯೂಟರಿನಲ್ಲಿ ಮಲಗಿದ್ದರೂ ಗಡುವು ಓಡುತ್ತಲೇ ಇರುತ್ತದೆ.

ತಡವಾದರೆ ಬಡ್ಡಿ ಇದೆ. ರಿಸರ್ವ್ ಬ್ಯಾಂಕ್ ಘೋಷಿಸುವ 'ಬ್ಯಾಂಕ್ ದರ' ಎನ್ನುವ ಬಡ್ಡಿ ದರದ ಮೂರು ಪಟ್ಟು, ತಿಂಗಳು ತಿಂಗಳು ಚಕ್ರಬಡ್ಡಿ. ಬ್ಯಾಂಕ್ ದರ 5.5% ಎಂದು ಹಿಡಿದರೆ ವರ್ಷಕ್ಕೆ 16.5% ಆಯಿತು. ಈ ಬಡ್ಡಿಯನ್ನು ಖರ್ಚು ಎಂದು ತೋರಿಸಿ ಆದಾಯ ತೆರಿಗೆ ಉಳಿಸುವಂತೆಯೂ ಇಲ್ಲ. ಇನ್ನೊಂದಿದೆ. 2023ರ ಹಣಕಾಸು ಕಾಯ್ದೆ ತಂದ ಬದಲಾವಣೆಯ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಗಡುವು ಮೀರಿ ಬಾಕಿ ಇಟ್ಟ ಹಣವನ್ನು ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚು ಎಂದು ಹಾಕಬಹುದು. ಮಾರ್ಚ್ 31ಕ್ಕೆ ನಮ್ಮ ಬಿಲ್ ನಿಮ್ಮ ಡ್ರಾಯರಿನಲ್ಲಿದ್ದರೆ ಆ ಹಣದ ಮೇಲೆ ತೆರಿಗೆ ಕಟ್ಟುವವರು ನೀವು. ನಿಮ್ಮ ಆಡಿಟರನ್ನು ಕೇಳಿ ನೋಡಿ, ಅವರಿಗೆ ಇದು ಚೆನ್ನಾಗಿ ಗೊತ್ತು.

ಗಡಿಯಲ್ಲಿರುವವರಿಗೆ ಈ ಕಾಯ್ದೆಯಲ್ಲಿ ಇನ್ನೊಂದು ಅನುಕೂಲ ಇದೆ. ದೂರನ್ನು ಕೇಳುವುದು ಸೇವೆ ಕೊಟ್ಟವರು ಇರುವ ಜಾಗದ ಮಂಡಳಿ, ಹಣ ಕೊಡಬೇಕಾದವರು ಭಾರತದಲ್ಲಿ ಎಲ್ಲಿದ್ದರೂ ಸರಿ. ಎಂದರೆ ಬೆಂಗಳೂರಿನ ಪತ್ರಿಕೆಯ ಮೇಲಿನ ನನ್ನ ದೂರು ಕೇರಳದಲ್ಲೇ ನಡೆಯುತ್ತದೆ. ಆನ್‌ಲೈನಿನಲ್ಲಿ ದೂರು ಕೊಡುವ ವ್ಯವಸ್ಥೆ 2017ರಿಂದ ಇದೆ, ಸಮಾಧಾನ್ ಎನ್ನುವ ಪೋರ್ಟಲಿನಿಂದ ಶುರುವಾದದ್ದು. 90 ದಿನದಲ್ಲಿ ತೀರ್ಮಾನ ಆಗಬೇಕು ಎಂದು ಕಾಯ್ದೆ ಹೇಳುತ್ತದೆ. ಆ ತೀರ್ಮಾನವನ್ನು ಪ್ರಶ್ನಿಸಿ ಕೋರ್ಟಿಗೆ ಹೋಗುವ ಕಂಪನಿ ಮೊದಲು 75% ಹಣವನ್ನು ಅಲ್ಲಿ ಕಟ್ಟಬೇಕು.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ದೂರು ಕೊಟ್ಟಿಲ್ಲ ಎಂದು ಕೇಳಬಹುದು. ಒಂದು ಸಾವಿರ ರೂಪಾಯಿಗೆ ದೂರು ಕೊಟ್ಟರೆ ಆ ಅಂಕಣ ಹೋಗುತ್ತದೆ. ಅಷ್ಟೇ ಅಲ್ಲ, ಕನ್ನಡದಲ್ಲಿ ಹಣಕಾಸು ಬರೆಸುವ ಡೆಸ್ಕುಗಳು ಕಡಿಮೆ, ಅಲ್ಲಿರುವವರೆಲ್ಲ ಒಬ್ಬರಿಗೊಬ್ಬರು ಪರಿಚಯ. 'ಆಕೆ ಕೇಸು ಹಾಕುವವಳು' ಎಂಬ ಮಾತು ತಲಪಾಡಿ ದಾಟಲು ಹೆಚ್ಚು ಹೊತ್ತು ಬೇಡ. ನಿಮಗೂ ಇದು ಗೊತ್ತು. ಈ ಭಯದ ಮೇಲೆಯೇ ನಿಮ್ಮ ಬಾಕಿ ಪಟ್ಟಿ ನಿಂತಿದೆ ಎಂದು ನಾನು ಹೇಳಿದರೆ ಕೋಪ ಮಾಡಿಕೊಳ್ಳಬೇಡಿ.

ಸಂಬಳದ ಚೀಟಿ ಇಲ್ಲದವರ ಪಾಡು ಬೇರೆಯದೇ ಕಥೆ. ನನ್ನ ಅಂಕಣ ಓದಿ ಹೊಗಳಿದ ಬ್ಯಾಂಕ್ ಮ್ಯಾನೇಜರೇ, ಮನೆ ರಿಪೇರಿಗೆ ಸಾಲ ಕೇಳಿದಾಗ 'ಸ್ಯಾಲರಿ ಸ್ಲಿಪ್ ಇದೆಯಾ ಮೇಡಂ' ಎಂದು ಕೇಳಿದರು. ಅವರ ತಪ್ಪೇನಿಲ್ಲ. ನನ್ನ ಖಾತೆಗೆ ಒಂದು ತಿಂಗಳು ಏನೂ ಬರುವುದಿಲ್ಲ, ಇನ್ನೊಂದು ತಿಂಗಳು ಮೂರು ವರ್ಷದ ಬಾಕಿ ಒಟ್ಟಿಗೆ ಬರುತ್ತದೆ. ಮನೆ ಖರ್ಚು ಹೇಗೆ ಹೊಂದಿಸಬೇಕು ಎಂದು ಓದುಗರಿಗೆ ಬರೆಯುವವಳ ಪಾಸ್‌ಬುಕ್ ಇದು.

ಇನ್ನು ಸರಿಯಾಗಿ ಹಣ ಕೊಡುವವರ ವಿಷಯ. ನಾನು ಈ ಪತ್ರ ಬರೆಯಲು ಕೂತದ್ದೇ ಇದಕ್ಕಾಗಿ.

ಸಾಲದ ಆ್ಯಪ್‌ನವರು, ವಿಮೆ ಮಾರುವವರು, ಶೇರು ಕಲಿಸುತ್ತೇವೆ ಎನ್ನುವವರು, ಒಡವೆ ಅಂಗಡಿಯವರು, ಇವರೆಲ್ಲರಿಗೂ ಈಗ ಕನ್ನಡ ಬರಹ ಬೇಕು. ಅರ್ಧ ಹಣ ಮುಂಗಡ, ಉಳಿದದ್ದು ಬರಹ ಕೈಸೇರಿದ ದಿನ. ನೀವು ಕೊಡುವುದರ ಹತ್ತು ಪಟ್ಟು. ಕೇಳುವುದು ಒಂದೇ. ಜಾಹೀರಾತು ಎಂದು ಎಲ್ಲೂ ಹಾಕಬಾರದು, ಲೇಖನದ ಹಾಗೆ ಕಾಣಬೇಕು, ಆದರೆ ಕೊನೆಯಲ್ಲಿ ಅವರ ಯೋಜನೆ ಒಳ್ಳೆಯದು ಎಂದು ಓದುಗನಿಗೆ ಅನಿಸಬೇಕು. ಬರೆಸಿದ್ದನ್ನು ಎಲ್ಲಿ ಹಾಕುತ್ತಾರೆ? ಹೆಚ್ಚಾಗಿ ನಿಮ್ಮಲ್ಲೇ. ಪುಟಕ್ಕೆ ನಿಮಗೂ ಹಣ ಕೊಡುತ್ತಾರೆ.

ಒಮ್ಮೆ ಒಡವೆ ವ್ಯಾಪಾರಿಯೊಬ್ಬರು ತಿಂಗಳ ಕಂತಿನ ಚಿನ್ನದ ಯೋಜನೆ ಬಗ್ಗೆ ಬರೆಸಲು ಕೇಳಿದರು. ಇಂಥ ಯೋಜನೆಗಳು ಹೆಚ್ಚಾಗಿ 11 ತಿಂಗಳದ್ದೇ ಯಾಕೆ ಇರುತ್ತವೆ ಎಂದು ನಿಮ್ಮ ಓದುಗರಿಗೆ ಯಾರಾದರೂ ಹೇಳಿದ್ದಾರಾ? ಕಂಪನಿಗಳು ಸರಕು ಕೊಡುವುದಾಗಿ ಪಡೆದ ಮುಂಗಡವನ್ನು 365 ದಿನದೊಳಗೆ ಸರಕಿಗೆ ಹೊಂದಿಸದಿದ್ದರೆ ಅದು ಠೇವಣಿಯಾಗುತ್ತದೆ, 2014ರ ನಿಯಮ ಅದು. ಠೇವಣಿಯಾದರೆ ಕಟ್ಟುಪಾಡು ಬೇರೆ. ಅದಕ್ಕೇ ವರ್ಷದೊಳಗೆ ಮುಗಿಸುತ್ತಾರೆ. ಅಂಗಡಿ ನಡುವೆ ಮುಚ್ಚಿದರೆ ಕಂತು ಕಟ್ಟಿದವರಿಗೆ ಬ್ಯಾಂಕ್ ಠೇವಣಿಯಂಥ ವಿಮೆ ಇಲ್ಲ. ಇದನ್ನೂ ಒಂದು ಪ್ಯಾರಾದಲ್ಲಿ ಸೇರಿಸುತ್ತೇನೆ ಎಂದೆ. ಆಮೇಲೆ ಅವರ ಫೋನ್ ಬರಲಿಲ್ಲ. ಕೆಲವು ವಾರ ಕಳೆದು ಅದೇ ಯೋಜನೆಯ ಬಗ್ಗೆ ಇನ್ಯಾರೋ ಬರೆದ ಚಂದದ ಬರಹ ಓದಿದೆ. ಬರೆದವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರ ಮಗುವಿನ ಶಾಲೆ ಫೀಸು ಯಾವಾಗ ಕಟ್ಟಬೇಕಿತ್ತೋ.

ಕಾಸರಗೋಡಿನವರಿಗೆ ಇದು ದೂರದ ಮಾತಲ್ಲ. 2020ರಲ್ಲಿ ಚಿನ್ನದ ಅಂಗಡಿಯೊಂದರ ಹೂಡಿಕೆ ವಂಚನೆಯ ಆರೋಪದಲ್ಲಿ ಆಗಿನ ಮಂಜೇಶ್ವರದ ಶಾಸಕರೇ ಬಂಧನವಾಗಿದ್ದನ್ನು ನೀವೆಲ್ಲ ಮುಖಪುಟದಲ್ಲಿ ಹಾಕಿದ್ದೀರಿ. ಹಣ ಹೋದ ಮೇಲೆ ಮುಖಪುಟ. ಹೋಗುವ ಮೊದಲು ನಾಲ್ಕನೇ ಪುಟದ ಮೂಲೆಯಲ್ಲಿ ಒಂದು ಎಚ್ಚರಿಕೆಯ ಲೇಖನ ಬರಬೇಕಾದರೆ ಅದನ್ನು ಬರೆಯುವವನಿಗೆ ಊಟ ಇರಬೇಕು.

ಶೇರಿನ ವಿಷಯದಲ್ಲಿ ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ಈಗ ಬಿಗಿ ಮಾಡಿದೆ. ನೋಂದಣಿ ಇಲ್ಲದೆ ಶೇರು ಸಲಹೆ ಕೊಡುವವರ ಜೊತೆ ಬ್ರೋಕರುಗಳು, ಮ್ಯೂಚುವಲ್ ಫಂಡಿನವರು ಸಂಬಂಧ ಇಟ್ಟುಕೊಳ್ಳಬಾರದು ಎಂದು 2024ರಲ್ಲಿ ನಿಯಮ ಬಂತು. ಬರೀ ಕಲಿಸುತ್ತೇವೆ ಎನ್ನುವವರು ಕಳೆದ ಮೂರು ತಿಂಗಳ ಶೇರು ಬೆಲೆಯನ್ನು ಉದಾಹರಣೆಗೆ ಬಳಸಬಾರದು ಎಂದು 2025ರ ಜನವರಿಯ ಸುತ್ತೋಲೆ ಹೇಳಿತು. ಪತ್ರಿಕೆಯಲ್ಲಿ ಎಲ್ಲರಿಗೂ ಸಿಗುವ ಹಾಗೆ ಬರೆದದ್ದು ಸೆಬಿಯ ಲೆಕ್ಕದಲ್ಲಿ ಸಲಹೆಗಾರರ ಸಲಹೆ ಅಲ್ಲ. ಮದುವೆ ಊಟದ ಸಾಲು ಪತ್ರಿಕೆಯಲ್ಲ, ಅದಕ್ಕೇ ಅಲ್ಲಿ ಪಕ್ಕದವರು 'ಯಾವ ಶೇರು ತಗೊಳ್ಳಲಿ ಅಕ್ಕ' ಎಂದು ಕೇಳಿದರೆ ನಾನು ಪಾಯಸ ತೋರಿಸುತ್ತೇನೆ. ಆದರೆ ಪತ್ರಿಕೆಗೆ ಇರುವ ಈ ಸಡಿಲವನ್ನು ಮಾರಾಟಗಾರರು ಬಳಸಿಕೊಳ್ಳಲು ಶುರು ಮಾಡಿದರೆ? ಅವರಿಗೆ ಬೇಕಾದದ್ದು ನಿಮ್ಮ ಪುಟ ಮತ್ತು ನಮ್ಮಂಥ ಒಂದು ಪರಿಚಯದ ಹೆಸರು. ಬರೆದವರಿಗೆ ಹಣ ಯಾರಿಂದ ಬಂತು ಎಂದು ನೀವು ಕೇಳುತ್ತೀರಾ? ನನ್ನನ್ನು ಇದುವರೆಗೆ ಯಾವ ಸಂಪಾದಕರೂ ಕೇಳಿಲ್ಲ.

ಈಚೆಗೆ ಇನ್ನೊಂದು ಶುರುವಾಗಿದೆ. ಯಂತ್ರದಿಂದ ಬರೆಸಿದ ಕರಡು ಕಳಿಸಿ 'ಸುಮ್ನೆ ಒಮ್ಮೆ ನೋಡಿಬಿಡಿ' ಎನ್ನುತ್ತೀರಿ, ಅರ್ಧ ದರಕ್ಕೆ. ಸುಮ್ನೆ ನೋಡಿದೆ. ಠೇವಣಿ ವಿಮೆ 1 ಲಕ್ಷ, ಟಿಡಿಎಸ್ ಮಿತಿ 30,000, ಎರಡೂ ಹಳೆಯವು. ವಾಕ್ಯ ಮಾತ್ರ ಬಹಳ ಧೈರ್ಯದಿಂದ ಇತ್ತು. ಒಂದೊಂದು ಅಂಕಿಯನ್ನೂ ಮೂಲಕ್ಕೆ ಹೋಗಿ ನೋಡಬೇಕಾದರೆ ಹೊಸದಾಗಿ ಬರೆದಷ್ಟೇ ಹೊತ್ತು ಬೇಕು. ಅದಕ್ಕೆ ಅರ್ಧ ದರ ಯಾಕೆ ಎಂದು ನನಗೆ ಅರ್ಥವಾಗಿಲ್ಲ.

ಮನುಷ್ಯರ ಡೆಸ್ಕೂ ಕಡಿಮೆ ಇಲ್ಲ ಬಿಡಿ. ಕೇಂದ್ರ ಸರ್ಕಾರ 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251ರಿಂದ 351 ರೂಪಾಯಿಗೆ ಏರಿಸಿದ್ದರ ಬಗ್ಗೆ ಬರೆದಿದ್ದೆ. ನಮ್ಮಲ್ಲಿ ಚಾಲಿ, ಎಂದರೆ ಹಣ್ಣಡಿಕೆ ಒಣಗಿಸಿ ಸುಲಿದ ಬಿಳಿ ಅಡಿಕೆ. ಅಡಿಕೆ ಎಷ್ಟು ಹಳೆಯದು ಎಂದು ನೋಡಿ ಹೊಸತು, ಸಿಂಗಲ್ ಚೋಲು, ಡಬಲ್ ಚೋಲು ಎಂದು ದರ ಹೇಳುತ್ತಾರೆ. ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ದರ ಪಟ್ಟಿ ನೋಡಿಯೇ ಇಲ್ಲಿನ ರೈತ ಅಡಿಕೆ ಬಿಡಬೇಕೋ ಇಟ್ಟುಕೊಳ್ಳಬೇಕೋ ಎಂದು ನಿರ್ಧಾರ ಮಾಡುವುದು. ಅಚ್ಚಾಗಿ ಬಂದಾಗ ಪಕ್ಕದಲ್ಲಿ ಶಿವಮೊಗ್ಗದ ರಾಶಿ ಅಡಿಕೆಯ ದರ, ಕೆಂಪಡಿಕೆಯ ಫೋಟೋ. ನೀರ್ಚಾಲಿನ ಬೆಳೆಗಾರರೊಬ್ಬರು ಫೋನ್ ಮಾಡಿ 'ಆ ರೇಟಿಗೆ ನನ್ನ ಚಾಲಿಯನ್ನು ಎಲ್ಲಿ ಕೊಡುವುದು, ವಿಳಾಸ ಹೇಳಿ' ಎಂದರು. ಬೈಸಿಕೊಂಡದ್ದು ನಾನು, ಹೆಸರು ನನ್ನದಲ್ವಾ.

ನಾನು ಕೇಳುವುದು ದೊಡ್ಡದೇನಲ್ಲ. ಬರೆಸುವ ಮೊದಲೇ ಎಷ್ಟು, ಯಾವ ತಾರೀಕಿಗೆ ಎಂದು ಒಂದು ಸಾಲಿನ ಮೇಲ್ ಹಾಕಿ. ನೀವೇ ಹೇಳಿ ಬರೆಸಿದ ಲೇಖನವನ್ನು ಬಳಸದಿದ್ದರೂ ಅರ್ಧವಾದರೂ ಕೊಡಿ. ಇಂಗ್ಲಿಷ್ ಪತ್ರಿಕೆಗಳಲ್ಲಿ ಇದು ಹಳೆಯ ರೂಢಿ. ಯಾರದೋ ಹಣದಿಂದ ಬಂದ ಬರಹಕ್ಕೆ 'ಜಾಹೀರಾತು' ಎಂದು ಕಣ್ಣಿಗೆ ಕಾಣುವ ಅಕ್ಷರದಲ್ಲಿ ಹಾಕಿ. ಬರೆದವರ ಹತ್ತಿರ 'ಇದಕ್ಕೆ ಬೇರೆಲ್ಲಿಂದಾದರೂ ಹಣ ಬಂದಿದೆಯಾ' ಎಂದು ಕೇಳಿ ಬರೆಸಿಕೊಳ್ಳಿ. ನಾನು ಬರೆದುಕೊಡುತ್ತೇನೆ. ದರ ಏರಿಸಿ ಎಂದು ಈಗ ಕೇಳುತ್ತಿಲ್ಲ. ಹೇಳಿದ ಐನೂರನ್ನು ಹೇಳಿದ ದಿನ ಕೊಡುವುದು ಮೊದಲು ಅಭ್ಯಾಸವಾಗಲಿ. ಏರಿಸುವ ಮಾತು ಆಮೇಲೆ ಬರುತ್ತದೆ, ಬಿಡುವುದಿಲ್ಲ.

ಓದುಗರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮದೂ ಒಂದು ಪಾಲಿದೆ. ಯೋಜನೆಯೊಂದನ್ನು ಹೊಗಳಿದ ಲೇಖನದಲ್ಲಿ ನಷ್ಟ ಹೇಗೆ ಆಗಬಹುದು ಎಂಬ ಒಂದು ಸಾಲೂ ಇಲ್ಲದಿದ್ದರೆ ಸಂಪಾದಕರಿಗೆ ಪತ್ರ ಬರೆಯಿರಿ. ನಮ್ಮ ಹತ್ತು ಮೇಲ್‌ಗಿಂತ ಚಂದಾದಾರರ ಒಂದು ಕಾರ್ಡಿಗೆ ಅಲ್ಲಿ ಬೆಲೆ ಜಾಸ್ತಿ.

ಈ ತಿಂಗಳಿಂದ ನನ್ನ ಬಿಲ್ಲಿನ ಕೆಳಗೆ ಉದ್ಯಮ್ ನೋಂದಣಿ ಸಂಖ್ಯೆ ಮತ್ತು ಹಣ ಬರಬೇಕಾದ ಕೊನೆಯ ತಾರೀಕು ಇರುತ್ತದೆ. ಅದನ್ನು ಬೆದರಿಕೆ ಎಂದು ಓದಬೇಡಿ, ಕ್ಯಾಲೆಂಡರ್ ಎಂದು ಓದಿ. ಹಳೆಯ ಬಾಕಿಗಳ ಪಟ್ಟಿಯನ್ನು ಅವರವರ ಲೆಕ್ಕದ ವಿಭಾಗಕ್ಕೆ ಪ್ರತ್ಯೇಕವಾಗಿ ಕಳಿಸಿದ್ದೇನೆ. ಇಲ್ಲಿ ಯಾರ ಹೆಸರೂ ಹಾಕಿಲ್ಲ.

ಅಂದ ಹಾಗೆ, ಚಿನ್ನದ ಸಾಲದ ಹೊಸ ನಿಯಮಗಳ ಬಗ್ಗೆ ಒಂದು ಲೇಖನ ಸಿದ್ಧ ಇದೆ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ್ದು, 2026ರ ಏಪ್ರಿಲ್ 1ರೊಳಗೆ ತನ್ನ ಅಧೀನದ ಸಾಲದಾತರೆಲ್ಲ ಪಾಲಿಸಬೇಕೆಂದು ಹೇಳಿದ್ದು. ಸ್ವಂತ ಖರ್ಚಿಗೆ ತೆಗೆಯುವ 2.5 ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ 85%ವರೆಗೆ, 5 ಲಕ್ಷದವರೆಗೆ 80%, ಅದರ ಮೇಲೆ 75%. ಸಾಲ ತೀರಿಸಿದ ಮೇಲೆ ಒಡವೆಯನ್ನು 7 ಕೆಲಸದ ದಿನದೊಳಗೆ ಕೊಡದೆ ಸಾಲದಾತರೇ ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಕಾಸರಗೋಡಿನ ಸಹಕಾರ ಸಂಘಗಳಲ್ಲಿ ಒಡವೆ ಇಟ್ಟವರಿಗೆ ಇದರಲ್ಲಿ ಯಾವುದು ಅನ್ವಯ, ಯಾವುದು ಇಲ್ಲ ಎಂದು ಬಿಡಿಸಿ ಬರೆದಿದ್ದೇನೆ. ಬೇಕಾದವರು ಮೊತ್ತ ಮತ್ತು ತಾರೀಕು ಬರೆದು ಮೇಲ್ ಹಾಕಿ. ಮೊದಲು ಬಂದ ಮೇಲಿಗೆ ಲೇಖನ.

ಇತಿ,
ಬದಿಯಡ್ಕದ ಒಬ್ಬ ಬಿಡಿ ಬರಹಗಾರ್ತಿ